ಕೊಂಬಿದ್ದರೆ ನಕಲು, ಗುಡಿಸಿದ್ದರೆ ನಕಲಿ

ಕನ್ನಡದಲ್ಲಿ ಒಂದು ಗುಣಿತಾಕ್ಷರದ ವ್ಯತ್ಯಾಸ ಮನುಷ್ಯನನ್ನು ಕಚೇರಿಯಿಂದ ಎತ್ತಿ ಜೈಲಿಗೆ ಹಾಕಬಲ್ಲದು. ಲಕಾರಕ್ಕೆ ಕೊಂಬು ಕೊಟ್ಟರೆ ನಕಲು. ಅದೇ ಲಕಾರಕ್ಕೆ ಗುಡಿಸು ಕೊಟ್ಟರೆ ನಕಲಿ. ಮೊದಲನೆಯದನ್ನು ಜನ ಅರ್ಜಿ ಬರೆದು, ಶುಲ್ಕ ಕಟ್ಟಿ, ದಿನಗಟ್ಟಲೆ ಕಾದು ಪಡೆಯುತ್ತಾರೆ. ಎರಡನೆಯದು ಮನೆಯಲ್ಲಿದೆ ಎಂದು ತಿಳಿದರೆ ಪೊಲೀಸರು ಅರ್ಜಿಯಿಲ್ಲದೆಯೇ ಬರುತ್ತಾರೆ. ಇನ್ನೂ ವಿಚಿತ್ರವೆಂದರೆ, ಚತುರ್ಥಿ ವಿಭಕ್ತಿ ಹಚ್ಚಿದೊಡನೆ ಈ ಎರಡು ಪದಗಳ ನಡುವಿನ ಭೇದವೇ ಅಳಿಸಿಹೋಗುತ್ತದೆ. ನಕಲು ಎಂಬುದೂ 'ನಕಲಿಗೆ', ನಕಲಿ ಎಂಬುದೂ 'ನಕಲಿಗೆ'. ಚತುರ್ಥಿಯೆಂದರೆ ಸಂಪ್ರದಾನ, ಅಂದರೆ ಕೊಡುವ ವಿಭಕ್ತಿ. ವಸ್ತು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗಲೇ ನಕಲು ಯಾವುದು, ನಕಲಿ ಯಾವುದು ಎಂದು ತಿಳಿಯದೆ ಹೋಗುತ್ತದೆ. ವ್ಯಾಕರಣಕ್ಕೆ ಇಷ್ಟೊಂದು ಲೋಕಾನುಭವ ಎಲ್ಲಿಂದ ಬಂತೋ!

ನ್ಯಾಯಾಲಯದ ನಕಲು ಶಾಖೆಯಲ್ಲಿ ವರ್ಷಗಟ್ಟಲೆ ಕೂತವನಾದ್ದರಿಂದ ಈ ಕೊಂಬಿನ ಮೇಲೆ ನನಗೆ ಸ್ವಲ್ಪ ಅಭಿಮಾನ ಹೆಚ್ಚು. ನಾವು ಕೊಡುತ್ತಿದ್ದ ನಕಲಿನ ಮುಖ ನೋಡಿದರೆ ಮೂಲ ತೀರ್ಪಿನ ಅಕ್ಷರಶಃ ಪ್ರತಿ. ಆದರೆ ಅದರ ಬೆನ್ನು ನೋಡಿದರೆ ಅದೇ ಒಂದು ಜಾತಕ. ಅರ್ಜಿ ಬಂದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ, ಬೆರಳಚ್ಚು ಮಾಡಿದವರು, ತಾಳೆ ನೋಡಿದವರು, ಕೊನೆಗೆ ಮುದ್ರೆ. ಅದು ತಾನು ಮೂಲವಲ್ಲ ಎಂದು ತಾನೇ ಹೇಳಿಕೊಳ್ಳುತ್ತದೆ. ಹಾಗೆ ಹೇಳಿಕೊಂಡದ್ದರಿಂದಲೇ ಅದಕ್ಕೆ ಬೆಲೆ.

ಈ ಹಳೆಯ ವಿದ್ಯೆ ನನಗೆ ಮತ್ತೆ ಉಪಯೋಗಕ್ಕೆ ಬಂದದ್ದು ನಿವೃತ್ತಿಯಾದ ಮೇಲೆ, ಅದೂ ಅಮೆರಿಕದ ನ್ಯೂಜೆರ್ಸಿಯಲ್ಲಿ. 2023ರ ಬೇಸಿಗೆಯಲ್ಲಿ ಅಮ್ಮನನ್ನು ಕರೆದುಕೊಂಡು ತಮ್ಮನ ಮನೆಗೆ ಹೋಗಿ ಎರಡೂವರೆ ತಿಂಗಳು ಇದ್ದೆ. ತಮ್ಮನ ಮಗನಿಗೆ ಆಗ ಹದಿಮೂರು ವರ್ಷ. ಅವನ ಆಸ್ತಿಯೆಲ್ಲ ಇದ್ದದ್ದು ಚಪ್ಪಲಿ ಡಬ್ಬಿಯಂಥ ಎರಡು ಪೆಟ್ಟಿಗೆಗಳಲ್ಲಿ ಮತ್ತು ಪ್ಲಾಸ್ಟಿಕ್ ಜೇಬುಗಳ ಒಂದು ಆಲ್ಬಮ್ಮಿನಲ್ಲಿ. ಅದರೊಳಗೆಲ್ಲ ಕಾರ್ಡುಗಳು. ಇಸ್ಪೀಟು ಎಲೆಯಷ್ಟೇ ಗಾತ್ರದ, 63 ಮಿಲಿಮೀಟರು ಅಗಲ, 88 ಮಿಲಿಮೀಟರು ಉದ್ದದ ಬಣ್ಣದ ಚೀಟಿಗಳು. 'ಮ್ಯಾಜಿಕ್: ದ ಗ್ಯಾದರಿಂಗ್' ಎಂಬ ಆಟದವು ಎಂದ. ಅದರಲ್ಲಿ ಒಂದೊಂದರ ಬೆಲೆ ಕೇಳಿ ಅಮ್ಮ, "ಇಷ್ಟು ದುಡ್ಡಿಗೆ ನಮ್ಮೂರಲ್ಲಿ ಹಸು ಬರ್ತಿತ್ತು" ಎಂದಳು.

ಅಮ್ಮನ ಮಾತು ಹಾಗಿರಲಿ, ನನಗೆ ಈ ವ್ಯಾಮೋಹ ಹೊಸದೆನಿಸಲಿಲ್ಲ. ನಮ್ಮ ಕಾಲದಲ್ಲಿ ಬೀದಿಯಲ್ಲಿ ಬಿದ್ದ ಸಿಗರೇಟು ಪ್ಯಾಕುಗಳನ್ನು ಆರಿಸಿ ತಂದು, ಮುಖವನ್ನು ಕತ್ತರಿಸಿ, ಕಟ್ಟು ಕಟ್ಟಿ ಇಡುತ್ತಿದ್ದೆವು. ಚಾರ್‌ಮಿನಾರಿಗೆ ಕಡಿಮೆ ಬೆಲೆ, ಏಕೆಂದರೆ ಎಲ್ಲರೂ ಅದನ್ನೇ ಸೇದುತ್ತಿದ್ದರು. ಯಾರೋ ಸಾಹೇಬರು ಬಂದುಹೋದ ಮೇಲೆ ಪ್ರವಾಸಿ ಮಂದಿರದ ಹಿಂದೆ ಸಿಕ್ಕ ವಿದೇಶಿ ಪ್ಯಾಕಿಗೆ ಸಾವಿರದ ಬೆಲೆ. ಆ ಸಾವಿರವನ್ನು ನಿಗದಿ ಮಾಡಿದವರು ಯಾರು? ನಾವೇ, ಹತ್ತು ಹುಡುಗರು. ಆದರೂ ಆ ಬೆಲೆಗಾಗಿ ಹೊಡೆದಾಟಗಳಾಗುತ್ತಿದ್ದವು.

ಲೋಕದ ಕಾರ್ಡು ಸಂಗ್ರಹವೂ ಹಬ್ಬಿದ್ದು ಸಿಗರೇಟಿನ ಪ್ಯಾಕಿನ ಮೂಲಕ. 1880ರ ದಶಕದಲ್ಲಿ ಅಮೆರಿಕದ ತಂಬಾಕು ಕಂಪನಿಗಳು ಕಾಗದದ ಪೊಟ್ಟಣದೊಳಗಿನ ಸಿಗರೇಟು ಮುರಿಯದಿರಲಿ ಎಂದು ಒಂದು ರಟ್ಟಿನ ತುಂಡು ಇಡುತ್ತಿದ್ದವು. ಇಡುವ ರಟ್ಟು ಖಾಲಿ ಯಾಕಿರಬೇಕು ಎಂದು ಅದರ ಮೇಲೆ ನಟಿಯರ, ಆಟಗಾರರ ಚಿತ್ರ ಅಚ್ಚು ಹಾಕಿದರು. ಇಂಗ್ಲೆಂಡಿನವರೂ ಅದೇ ದಾರಿ ಹಿಡಿದರು. ನಮ್ಮ ರಣಜಿತ್ ಸಿಂಹಜಿ ಕೂಡ ಅಲ್ಲಿನ ಸಿಗರೇಟು ಕಾರ್ಡಿನಲ್ಲಿ ಬ್ಯಾಟು ಹಿಡಿದು ನಿಂತಿದ್ದಾರೆ. ಸಿಗರೇಟು ಹೊಗೆಯಾಗಿ ಹೋಯಿತು, ರಟ್ಟು ಉಳಿಯಿತು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರತಂದ ಬೇಸ್‌ಬಾಲ್ ಕಾರ್ಡುಗಳಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡು ಬಲು ಬೇಗ ನಿಂತುಹೋಯಿತು. ಮಕ್ಕಳು ತನ್ನ ಚಿತ್ರಕ್ಕಾಗಿ ತಂಬಾಕು ಕೊಳ್ಳುವುದು ಅವನಿಗೆ ಇಷ್ಟವಿರಲಿಲ್ಲ ಎನ್ನುವವರಿದ್ದಾರೆ, ದುಡ್ಡಿನ ತಕರಾರು ಎನ್ನುವವರೂ ಇದ್ದಾರೆ. ಈಗ ಉಳಿದಿರುವುದು ಅರವತ್ತರ ಆಸುಪಾಸು. 2022ರಲ್ಲಿ ಅಂಥದ್ದೊಂದು 72.5 ಲಕ್ಷ ಡಾಲರಿಗೆ ಮಾರಾಟವಾಯಿತು.

ಇಷ್ಟು ಬೆಲೆ ಬಂದ ಮೇಲೆ ನಕಲು ಬಾರದೆ ಇರುತ್ತದೆಯೇ? ಬಂತು, ಎರಡೂ ಬಂದವು. ಮೊದಲು ಕೊಂಬಿನದನ್ನು ನೋಡೋಣ. ಟಾಪ್ಸ್ ಎಂಬ ಕಂಪನಿ 1952ರಲ್ಲಿ ತಾನೇ ಅಚ್ಚು ಹಾಕಿದ್ದ ಬೇಸ್‌ಬಾಲ್ ಕಾರ್ಡುಗಳನ್ನು 1983ರಲ್ಲಿ ಮತ್ತೆ ಮುದ್ರಿಸಿತು. ಮೂಲದ ಮಾರಾಟವಾಗದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಯಲ್ಲಿ ಒಯ್ದು ಸಮುದ್ರಕ್ಕೆ ಸುರಿದ ಕಥೆಯನ್ನು ಆ ಕಂಪನಿಯ ಸೈ ಬರ್ಗರ್ ತಾವೇ ಹೇಳಿಕೊಂಡಿದ್ದರು. ಹಾಗೆ ಮುಳುಗಿದ್ದರಿಂದಲೇ ಉಳಿದವಕ್ಕೆ ಬೆಲೆ. 2022ರಲ್ಲಿ ಆ ಸರಣಿಯ ಮಿಕಿ ಮ್ಯಾಂಟಲ್ ಕಾರ್ಡೊಂದು 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಸಾಮಾನ್ಯ ಅಭಿಮಾನಿಗೆ ಆ ಮೂಲ ಎಟುಕುವುದಿಲ್ಲ. ಅವನಿಗೆ 1983ರದು ಸಾಕು. ಅದರ ಬೆನ್ನಲ್ಲಿ ಇದು ಮರುಮುದ್ರಣ ಎಂದು ಬರೆದಿದೆ. ಕೊಂಡವನಿಗೂ ತೃಪ್ತಿ, ಮೂಲ ಇಟ್ಟುಕೊಂಡವನಿಗೂ ನಷ್ಟವಿಲ್ಲ.

ನಮ್ಮ ಹುಡುಗನ ಮ್ಯಾಜಿಕ್ ಆಟದ ಕಥೆಯೂ ಹೀಗೆಯೇ. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ ರಚಿಸಿದ ಈ ಆಟ 1993ರಲ್ಲಿ ಬಂದಾಗ ಮೊದಲ ಮುದ್ರಣದಲ್ಲಿ ಅಪರೂಪದ ಕಾರ್ಡುಗಳು ತಲಾ ಸುಮಾರು 1,100 ಮಾತ್ರ. ಅದೇ ವರ್ಷದ ಕೊನೆಯಲ್ಲಿ ಕಂಪನಿ ಸಂಗ್ರಹಕಾರರಿಗೆಂದು ಇಡೀ ಗುಂಪನ್ನು ಪೆಟ್ಟಿಗೆಯಲ್ಲಿಟ್ಟು ಮಾರಿತು. ಆದರೆ ಅವುಗಳ ಮೂಲೆ ದುಂಡಗಿರಲಿಲ್ಲ, ಚೌಕ. ಹಿಂಬದಿಗೆ ಚಿನ್ನದ ಬಣ್ಣದ ಅಂಚು. ಅಧಿಕೃತ ಪಂದ್ಯದಲ್ಲಿ ಆಡುವಂತಿಲ್ಲ. ಕುರುಡನೂ ಕೈಯಾಡಿಸಿ ಇದು ಮೂಲವಲ್ಲ ಎಂದು ಹೇಳಬಹುದು. ನಮ್ಮ ನಕಲು ಶಾಖೆಯ ಮುದ್ರೆಯ ಕೆಲಸವನ್ನು ಅಲ್ಲಿ ಚೌಕ ಮೂಲೆ ಮಾಡುತ್ತಿತ್ತು. ಮುಂದೆ 1995ರಲ್ಲಿ ಹಳೆಯ ಕಾರ್ಡುಗಳನ್ನು ಧಾರಾಳವಾಗಿ ಮರುಮುದ್ರಿಸಿದಾಗ ಸಂಗ್ರಹಕಾರರು ಬೊಬ್ಬೆ ಹಾಕಿದರು. ಕಂಪನಿ ಹೆದರಿ 1996ರಲ್ಲಿ ಒಂದು ಪಟ್ಟಿ ಮಾಡಿ, ಇಂತಿಂಥ ಕಾರ್ಡುಗಳನ್ನು ಇನ್ನು ಅಚ್ಚು ಹಾಕುವುದಿಲ್ಲ ಎಂದು ಮಾತು ಕೊಟ್ಟಿತು. ಮಾತು ಕೊಟ್ಟದ್ದು ಕೊಂಡವರಿಗೆ. ಅದರ ಬಿಸಿ ತಾಗಿದ್ದು ಆಮೇಲೆ ಹುಟ್ಟಿದವರಿಗೆ.

ಆಮೇಲೆ ಹುಟ್ಟಿದವರ ಪೈಕಿ ನಮ್ಮ ಹುಡುಗನೂ ಒಬ್ಬ. ಅವನೂ ಅವನ ಗೆಳೆಯರೂ ಮನೆಯಲ್ಲಿ ಆಡುವಾಗ ಇಲ್ಲದ ಕಾರ್ಡಿಗೆ ಬದಲಾಗಿ ಬಿಳಿ ಹಾಳೆಯ ಚೂರಿನ ಮೇಲೆ ಹೆಸರು ಬರೆದು, ಅಗ್ಗದ ಕಾರ್ಡೊಂದರ ಮುಂದೆ ಸಿಕ್ಕಿಸಿ ಆಡುತ್ತಿದ್ದರು. ಅದಕ್ಕೆ 'ಪ್ರಾಕ್ಸಿ' ಎಂದು ಹೆಸರು. ಕಾಲೇಜಿನಲ್ಲಿ ಹಾಜರಿ ಕೂಗುವಾಗ ನಡೆಯುವ ಪ್ರಾಕ್ಸಿ ನಮಗೆ ಗೊತ್ತಿರುವುದೇ. ಇದು ಅದಕ್ಕಿಂತ ಪ್ರಾಮಾಣಿಕ, ಏಕೆಂದರೆ ಎದುರಿಗೆ ಕೂತವನಿಗೆ ತಿಳಿಸಿಯೇ ಆಡುವುದು. 2016ರಲ್ಲಿ ಕಂಪನಿಯೇ ಈ ಕುರಿತು ಒಂದು ಗೆರೆ ಎಳೆಯಿತು: ಮನೆಯ ಆಟಕ್ಕೆ, ವ್ಯಾಪಾರವಿಲ್ಲದೆ, ಹೀಗೆ ಬದಲಿ ಚೀಟಿ ಮಾಡಿಕೊಂಡರೆ ನಮ್ಮ ತಕರಾರಿಲ್ಲ, ಅಸಲಿಯಂತೆ ಕಾಣಲೆಂದೇ ಮಾಡಿದ್ದಕ್ಕೆ ಮಾತ್ರ ಕ್ಷಮೆಯಿಲ್ಲ. ಈ ಗೆರೆ ನ್ಯಾಯವಾದದ್ದೇ ಎಂದು ನನಗೆ ತೋರಿತು. ಆಟವನ್ನು ಆಟವೆಂದು ಆಡುವ ಹುಡುಗ ಯಾರ ಅನ್ನವನ್ನೂ ಕಸಿಯುವುದಿಲ್ಲ. ಆರುನೂರು ಡಾಲರಿನ ಕಾರ್ಡನ್ನು ಅವನು ಹೇಗೂ ಕೊಳ್ಳುತ್ತಿರಲಿಲ್ಲ.

ಹಾಗಾದರೆ ತೊಡಕು ಎಲ್ಲಿ? ನಾನು ಅಲ್ಲಿದ್ದಾಗಲೇ ಅದು ಮನೆಯ ಬಾಗಿಲಿಗೆ ಬಂತು.

ಹುಡುಗನಿಗೆ 1994ರ ಮುದ್ರಣದ 'ಅಂಡರ್‌ಗ್ರೌಂಡ್ ಸೀ' ಎಂಬ ಕಾರ್ಡಿನ ಮೇಲೆ ಕಣ್ಣು. ಮರುಮುದ್ರಣ ಮಾಡುವುದಿಲ್ಲ ಎಂದು ಕಂಪನಿ ಮಾತು ಕೊಟ್ಟ ಪಟ್ಟಿಯಲ್ಲಿ ಅದೂ ಇದೆ. ಚಳಿಗಾಲದಲ್ಲಿ ನೆರೆಮನೆಗಳ ಮುಂದಿನ ಹಿಮ ಎತ್ತಿ, ಬೇಸಿಗೆಯಲ್ಲಿ ಹುಲ್ಲು ಕತ್ತರಿಸಿ, ಎರಡು ವರ್ಷ ಕೂಡಿಟ್ಟು 350 ಡಾಲರ್ ಮಾಡಿಕೊಂಡಿದ್ದ. ಆಡಲು ಬರುತ್ತಿದ್ದ ದೊಡ್ಡ ಹುಡುಗನೊಬ್ಬ "ನಿನಗಾದ್ದರಿಂದ ಈ ಬೆಲೆ" ಎಂದು ಅಷ್ಟಕ್ಕೆ ಕೊಟ್ಟ. ವಾರ ಕಳೆದ ಮೇಲೆ ಕಾರ್ಡಿನ ಅಂಗಡಿಯವನು ಭೂತಗನ್ನಡಿ ಹಿಡಿದು ನೋಡಿ ತಲೆಯಾಡಿಸಿದ. ಕೊಟ್ಟವನು ಅಷ್ಟರಲ್ಲಿ ಬೇರೆ ಊರಿನ ಕಾಲೇಜಿಗೆ ಹೊರಟುಹೋಗಿದ್ದ. ಫೋನು ಮಾಡಿದರೆ ತನಗೂ ಗೊತ್ತಿರಲಿಲ್ಲ ಎಂದ. ಇರಬಹುದು. ಅವನಿಗೂ ಯಾರೋ ಹಾಗೆಯೇ ದಾಟಿಸಿರಬಹುದು.

ಆ ಸಂಜೆ ಹುಡುಗ ಊಟ ಮಾಡಲಿಲ್ಲ. ಮರುದಿನ ಅವನ ಮುಖ ಗೆಲುವಾಗಿತ್ತು. ಅದನ್ನು ಕಂಡು ನನಗೆ ಹೆಚ್ಚು ಯೋಚನೆಯಾಯಿತು. ಅವನಿಗಿಂತ ಎರಡು ವರ್ಷ ಚಿಕ್ಕವನೊಬ್ಬ ಆ ಕಾರ್ಡನ್ನು ಕೇಳಿದ್ದನಂತೆ, ಬದಲಿಗೆ ಒಳ್ಳೆಯ ಕಾರ್ಡುಗಳನ್ನೇ ಕೊಡುತ್ತಾನಂತೆ.

"ದೊಡ್ಡಪ್ಪಾ, ಮೋಸ ಆಗಿದ್ದು ನನಗೆ. ನಾನೇನೂ ಫೇಕ್ ಮಾಡ್ಲಿಲ್ಲ. ಆ ಲಾಸ್ ನಾನೊಬ್ಬನೇ ಯಾಕೆ ಇಟ್ಕೋಬೇಕು?" ಎಂದ.

ಈ ಪ್ರಶ್ನೆಯನ್ನು ಸುಲಭದ್ದು ಎಂದು ಯಾರೂ ತಿಳಿಯಬಾರದು. ಹರಿದ ನೋಟೊಂದು ನಮ್ಮ ಕೈಗೆ ಬಂದಾಗ ನಾವೆಲ್ಲ ಕೇಳಿಕೊಳ್ಳುವುದು ಇದನ್ನೇ. ನೋಟನ್ನು ನಾಲ್ಕಾಗಿ ಮಡಿಸಿ, ಹರಿದ ಕಡೆ ಒಳಗೆ ಮಾಡಿ, ಗದ್ದಲದ ಬಸ್ಸಿನಲ್ಲಿ ಕಂಡಕ್ಟರನ ಕೈಗೆ ಸಾಗಹಾಕುವ ಕಲೆಯನ್ನು ಒಳ್ಳೆಯ ಮನೆತನದವರೂ ಬಲ್ಲರು. ಹರಿದ ನೋಟು ಬ್ಯಾಂಕಿನಲ್ಲಾದರೂ ಬದಲಾಗುತ್ತದೆ, ಅದು ಸಣ್ಣ ಪಾಪ. ಖೋಟಾ ನೋಟಾದರೆ? ಅಲ್ಲಿ ಕಾನೂನು ಕೇಳುವುದು ಉದ್ದೇಶವನ್ನು. 2024ರ ಜೂನ್ ಕೊನೆಯವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 489ಸಿ ಕಲಮೂ, ಆಮೇಲೆ ಬಂದ ಭಾರತೀಯ ನ್ಯಾಯ ಸಂಹಿತೆಯ 180ನೇ ಕಲಮೂ ಹೇಳುವ ಸಾರಾಂಶ ಒಂದೇ: ಖೋಟಾ ಎಂದು ತಿಳಿದೂ, ಅಸಲಿಯೆಂದು ಚಲಾಯಿಸುವ ಉದ್ದೇಶದಿಂದ ಇಟ್ಟುಕೊಂಡರೆ ಅಪರಾಧ. ತಿಳಿಯದೆ ಬಂದದ್ದು ದುರದೃಷ್ಟ, ತಿಳಿದು ದಾಟಿಸಿದ್ದು ಅಪರಾಧ. ಕಾರ್ಡು ನೋಟಲ್ಲ, ನಿಜ. ಆದರೆ ತತ್ತ್ವ ಬದಲಾಗುವುದಿಲ್ಲ. ಅಂಗಡಿಯವನು ತಲೆಯಾಡಿಸಿದ ಆ ಗಳಿಗೆಯವರೆಗೆ ನಮ್ಮ ಹುಡುಗ ಮೋಸ ಹೋದವನು. ಆ ಗಳಿಗೆಯಿಂದ ಮುಂದೆ ಅವನು ಏನಾಗುತ್ತಾನೆ ಎಂಬುದು ಅವನ ಕೈಯಲ್ಲೇ ಇತ್ತು.

ಅವನಿಗೆ ಕಾನೂನು ಹೇಳಲಿಲ್ಲ. ನಮ್ಮೂರಿನ ಶೆಟ್ಟರ ಅಂಗಡಿಯ ಕಥೆ ಹೇಳಿದೆ. ಶೆಟ್ಟರ ಗಲ್ಲಾಪೆಟ್ಟಿಗೆಯ ಮುಂದಿನ ಹಲಗೆಗೆ ಒಂದು ಖೋಟಾ ರೂಪಾಯಿಯನ್ನು ಮೊಳೆ ಹೊಡೆದು ಕೂರಿಸಿದ್ದರು. ಯಾರೋ ಸಂತೆಯ ದಿನ ಕೊಟ್ಟುಹೋದದ್ದು. ಬೆಲ್ಲಕ್ಕೆ ಹೋದ ಮಕ್ಕಳೆಲ್ಲ ಅದರ ಮೇಲೆ ಬೆರಳಾಡಿಸಿ ನೋಡುತ್ತಿದ್ದೆವು. ಶೆಟ್ಟರಿಗೆ ಒಂದು ರೂಪಾಯಿ ನಷ್ಟವಾಯಿತು. ಆದರೆ ಆ ಮೊಳೆಯಿಂದಾಗಿ ಅದು ನಾಣ್ಯವಾಗಿ ಇನ್ನೊಬ್ಬರ ಮನೆಗೆ ಹೋಗುವ ಯೋಗ್ಯತೆಯನ್ನೇ ಕಳೆದುಕೊಂಡಿತು. ಅದಕ್ಕಿಂತ ಹೆಚ್ಚಾಗಿ, ಶೆಟ್ಟರು ಚಿಲ್ಲರೆ ಕೊಟ್ಟರೆ ಊರಿನಲ್ಲಿ ಯಾರೂ ಎಣಿಸಿ ನೋಡುತ್ತಿರಲಿಲ್ಲ. ಒಂದು ರೂಪಾಯಿಗೆ ಅಷ್ಟು ನಂಬಿಕೆ ಅಗ್ಗವೇ.

ಹುಡುಗ ಏನೂ ಹೇಳದೆ ಮಹಡಿ ಹತ್ತಿ ಹೋದ.

ಮೋಸವನ್ನು ಹಿಡಿಯುವುದು ಹೇಗೆ ಎಂಬುದನ್ನು ಅವನೇ ನನಗೆ ತೋರಿಸಿದ. ಈ ಆಟದ ಅಸಲಿ ಕಾರ್ಡಿನೊಳಗೆ, ಎರಡು ಕಾಗದಗಳ ನಡುವೆ, ನೀಲಿ ಅಂಟಿನ ಒಂದು ಪದರವಿರುತ್ತದೆ. ದೀಪದ ಮುಂದೆ ಹಿಡಿದರೆ ಬೆಳಕು ಒಂದು ಬಗೆಯಲ್ಲಿ ತೂರಿಬರುತ್ತದೆ. ಹಿಂಬದಿಯಲ್ಲಿ ಐದು ಬಣ್ಣದ ಐದು ಚುಕ್ಕೆಗಳಿವೆ. ಹಸಿರು ಚುಕ್ಕೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರೊಳಗೆ ಕೆಂಪಿನ ನಾಲ್ಕು ಸಣ್ಣ ಬೊಟ್ಟು, ಮೂಲೆ ಅಳೆಯುವ ಬಡಗಿಯ ಮಟ್ಟಗೋಲಿನ ಹಾಗೆ ಜೋಡಿಸಿಕೊಂಡಿರುತ್ತವೆ. ಅವನ ಕಾರ್ಡಿನಲ್ಲಿ ಅವು ಕಲಸಿಹೋಗಿದ್ದವು. ಬೆರಳಚ್ಚಿನ ನಕಲಿನಲ್ಲಿ ಒಂದು ಸೊನ್ನೆ ತಪ್ಪಿದ್ದನ್ನು ಹಿಡಿಯುತ್ತಿದ್ದ ನಮ್ಮ ಕಾಲದ ತಾಳೆಗಾರರಿಗೆ ಸಂತೋಷವಾಗುವಂಥ ಕೆಲಸ.

ಆದರೆ ತಾಳೆ ನೋಡುವ ವಿದ್ಯೆಗೂ ಮಿತಿಯಿದೆ. ಪೋಕೆಮಾನ್ ಕಾರ್ಡಿನಾಟ 1996ರಲ್ಲಿ ಜಪಾನಿನಲ್ಲಿ ಬರುವ ಮೊದಲು ಪರೀಕ್ಷೆಗೆಂದು ಮಾಡಿಕೊಂಡ ಮಾದರಿಗಳಿವು ಎಂದು ಕೆಲವು ಕಾರ್ಡುಗಳು ಮಾರುಕಟ್ಟೆಗೆ ಬಂದವು. ಹೆಸರಾಂತ ಪರೀಕ್ಷಕರ ಪ್ರಮಾಣಪತ್ರವೂ ಅವಕ್ಕಿತ್ತು. 2025ರ ಆರಂಭದಲ್ಲಿ ಸಂಗ್ರಹಕಾರರೇ ಕೂತು ಅವುಗಳನ್ನು ನೋಡಿದಾಗ ಬರಿಗಣ್ಣಿಗೆ ಕಾಣದ ಹಳದಿ ಚುಕ್ಕೆಗಳು ಸಿಕ್ಕವು. ಬಣ್ಣದ ಲೇಸರ್ ಮುದ್ರಕಗಳು ಅನೇಕವು ತಾವು ಅಚ್ಚು ಹಾಕಿದ ಹಾಳೆಯ ಮೇಲೆ ಯಂತ್ರದ ಸಂಖ್ಯೆ, ದಿನಾಂಕಗಳನ್ನು ಗುಪ್ತವಾಗಿ ಹೀಗೆ ಚುಕ್ಕೆಯಿಟ್ಟು ಬರೆಯುತ್ತವೆ. ಕೆಲವು ಕಾರ್ಡುಗಳ ಚುಕ್ಕೆ ಓದಿದರೆ ಬಂದ ವರ್ಷ 1996 ಅಲ್ಲ, 2024! ಮನುಷ್ಯ ಬೆನ್ನ ಮೇಲೆ ಬರೆಯದೆ ಬಿಟ್ಟ ದಿನಾಂಕವನ್ನು ಯಂತ್ರ ಹೊಟ್ಟೆಯೊಳಗೆ ಬರೆದಿತ್ತು.

ಅಸಲಿಯೇ ಸುಳ್ಳು ಹೇಳುವ ಪ್ರಸಂಗವೂ ಉಂಟು. ಮೇಲೆ ಹೇಳಿದ ಹೋನಸ್ ವ್ಯಾಗ್ನರ್ ಕಾರ್ಡುಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾದ ಪ್ರತಿಯನ್ನು 1991ರಲ್ಲಿ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್ಕಿ ಪಾಲುದಾರನೊಬ್ಬನ ಜೊತೆ 4,51,000 ಡಾಲರಿಗೆ ಕೊಂಡಿದ್ದ. ಎಂಬತ್ತು ವರ್ಷವಾದರೂ ಅಂಚು ಕತ್ತಿಯಂತೆ ಚೊಕ್ಕ. ಅದರ ಖ್ಯಾತಿಯೇ ಆ ಅಂಚು. 2013ರಲ್ಲಿ ಬಿಲ್ ಮ್ಯಾಸ್ಟ್ರೊ ಎಂಬ ಹರಾಜುದಾರ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳುತ್ತ, ಆ ಅಂಚುಗಳನ್ನು ಕತ್ತರಿಸಿ ಸರಿಮಾಡಿದ್ದು ತಾನೇ ಎಂದ. 2015ರಲ್ಲಿ ಹರಾಜಿನ ವಂಚನೆಗಳಿಗಾಗಿ ಅವನಿಗೆ 20 ತಿಂಗಳ ಸೆರೆಯಾಯಿತು. ಕಾಗದ ಅಸಲಿ, ಶಾಯಿ ಅಸಲಿ, ವಯಸ್ಸೂ ಅಸಲಿ. ಸುಳ್ಳಾಗಿದ್ದದ್ದು ಅದರ ಬಗ್ಗೆ ಹೇಳಿದ ಮಾತು. ಹಾಗೆ ನೋಡಿದರೆ ಬೆನ್ನ ಮೇಲೆ ಮರುಮುದ್ರಣ ಎಂದು ಬರೆದುಕೊಂಡ 1983ರ ಅಗ್ಗದ ಕಾರ್ಡು ಈ ಲಕ್ಷಾಧೀಶನಿಗಿಂತ ಹೆಚ್ಚು ಸತ್ಯವಂತ. ಅಸಲಿ ನಕಲಿ ಎಂಬುದು ವಸ್ತುವಿಗಿಂತ ಹೆಚ್ಚಾಗಿ ಅದರ ಜೊತೆ ಹೋಗುವ ಮಾತಿಗೆ ಅಂಟಿದ ಗುಣ ಎಂದು ನನಗನಿಸುವುದು ಇದಕ್ಕೇ.

ಇಲ್ಲಿ ಒಂದು ವಾದ ಬರುತ್ತದೆ. "ನಾನು ಮಾರುವವನಲ್ಲ. ಅಸಲಿಯಂತೆಯೇ ಕಾಣುವ ಪ್ರತಿಯೊಂದನ್ನು ಕೊಂಡು ನನ್ನ ಆಲ್ಬಮ್ಮಿನಲ್ಲಿ ಇಟ್ಟುಕೊಂಡರೆ ಯಾರಿಗೆ ಏನು?" ನನ್ನ ತಮ್ಮನೇ ಹೀಗೆ ವಾದಿಸಿದ. ಮೇಲುನೋಟಕ್ಕೆ ಸರಿಯಾದ ಮಾತು. ಆದರೆ ಆಲ್ಬಮ್ಮಿಗೆ ಒಡೆಯನಿಗಿಂತ ಆಯುಸ್ಸು ಹೆಚ್ಚು. ನಾನು ಕಚೇರಿಯಲ್ಲಿ ಕಂಡ ವ್ಯಾಜ್ಯಗಳಲ್ಲಿ ಅರ್ಧಕ್ಕರ್ಧ ಶುರುವಾದದ್ದು ಸತ್ತವರ ಪೆಟ್ಟಿಗೆಯಿಂದ. ಒಳ್ಳೆಯ ಮನುಷ್ಯನೊಬ್ಬ ಯಾವುದೋ ಕಾಗದದ ಕಚ್ಚಾ ಪ್ರತಿಯನ್ನು ನೆನಪಿಗೆಂದು ಇಟ್ಟುಕೊಂಡಿರುತ್ತಾನೆ; ಅದು ಏನೆಂದು ಅವನಿಗೆ ಗೊತ್ತು. ಹತ್ತು ವರ್ಷದ ಮೇಲೆ ಮೊಮ್ಮಗ ಅದನ್ನೇ ಮೂಲವೆಂದು ತಿಳಿದು ನ್ಯಾಯಾಲಯಕ್ಕೆ ತರುತ್ತಾನೆ. ಯಾರೂ ಸುಳ್ಳು ಹೇಳಿಲ್ಲ, ಆದರೂ ಸುಳ್ಳು ಹುಟ್ಟಿದೆ. ಒಡೆಯನ ಪ್ರಾಮಾಣಿಕತೆ ಒಡೆಯನ ಜೊತೆಗೇ ಚಿತೆ ಏರುತ್ತದೆ; ಉಳಿಯುವುದು ವಸ್ತುವಿನ ಮೇಲೆ ಬರೆದಿಟ್ಟದ್ದು ಮಾತ್ರ.

ಅಮೆರಿಕದವರಿಗೆ ಇದು ತಿಳಿಯದ ವಿಷಯವಲ್ಲ. ಅಲ್ಲಿ 1973ರಲ್ಲೇ ಸಂಗ್ರಹಕಾರರ ಹವ್ಯಾಸವನ್ನು ಕಾಯಲು ಒಂದು ಕಾನೂನು ಬಂತು. ಹಳೆಯ ನಾಣ್ಯದ ಪ್ರತಿರೂಪ ಮಾಡುವವನು ಅದರ ಮೇಲೆ 'ಕಾಪಿ' ಎಂದು ಅಳಿಸದಂತೆ ಒತ್ತಬೇಕು. ಹಳೆಯ ಚುನಾವಣೆಯ ಬಿಲ್ಲೆಗಳಂಥವನ್ನು ಮಾಡಿದರೆ ತಯಾರಾದ ವರ್ಷ ಹಾಕಬೇಕು. ಆಟದ ಕಾರ್ಡುಗಳ ಹೆಸರು ಮಾತ್ರ ಅದರಲ್ಲಿಲ್ಲ. ಕಾನೂನು ಬರೆದದ್ದು ನಾಣ್ಯದ ಸಂಗ್ರಹಕಾರರ ಕಾಲದಲ್ಲಿ. ರಟ್ಟಿನ ಚೀಟಿ ಚಿನ್ನದ ಬೆಲೆಗೆ ಹೋಗುತ್ತದೆಂದು ಆಗ ಯಾರು ಕಂಡಿದ್ದರು? ಆದ್ದರಿಂದ ಕಾನೂನು ಹೇಳದ್ದನ್ನು ಇಟ್ಟುಕೊಂಡವನೇ ಮಾಡಬೇಕಾಗಿದೆ.

ಮೂರನೆಯ ದಿನ ಹುಡುಗ ಅದನ್ನು ಮಾಡಿದ. ಅಳಿಸಲಾಗದ ಕಪ್ಪು ಶಾಯಿಯ ಪೆನ್ನು ತಂದು ಊಟದ ಮೇಜಿನ ಮೇಲೆ ಕೂತ. ಅಜ್ಜಿ ಆ ಬೇಸಿಗೆಯಲ್ಲಿ ಅವನಿಗೆ ಕನ್ನಡ ಅಕ್ಷರ ಕಲಿಸುತ್ತಿದ್ದಳು. ಕಲಿತದ್ದನ್ನು ಉಪಯೋಗಿಸುವ ಉಮೇದಿನಲ್ಲಿ ಕಾರ್ಡಿನ ಹಿಂಬದಿಯ ತುಂಬ ದಪ್ಪಕ್ಷರದಲ್ಲಿ 'ನಕಲು' ಎಂದು ಬರೆದ. ಅಮ್ಮ ಕನ್ನಡಕ ಏರಿಸಿ ನೋಡಿ, "ಕೊಂಬಲ್ಲ ಮಗಾ, ಗುಡಿಸು" ಎಂದಳು. ನನಗೆ ಮಾತ್ರ ಅವನು ಬರೆದದ್ದೇ ಸರಿಯೆನಿಸಿತು. ಬರೆಯುವ ಮೊದಲು ಅದು ನಕಲಿ. ಬರೆದ ಕ್ಷಣದಿಂದ ಅದು ನಕಲು. ಇನ್ನು ಅದು ಯಾರ ಕೈಗೆ ಹೋದರೂ ತನ್ನ ಜಾತಕ ತಾನೇ ಹೇಳುತ್ತದೆ. ಈಗಲೂ ಅವನು ಅದನ್ನು ಮನೆಯಲ್ಲಿ ಆಡುತ್ತಾನೆ. 350 ಡಾಲರ್ ಹೋದದ್ದು ಹೋಯಿತು. ಕೇಳಿದ್ದ ಚಿಕ್ಕ ಹುಡುಗನಿಗೆ ಭೂತಗನ್ನಡಿಯಲ್ಲಿ ಹಸಿರು ಚುಕ್ಕೆ ನೋಡುವುದನ್ನು ಕಲಿಸಿದ್ದಾನೆ.

ಇಷ್ಟು ಹೇಳಿದ ಮಾತ್ರಕ್ಕೆ ಎಲ್ಲ ಪಾಪವನ್ನೂ ಕೊಳ್ಳುವವನ ತಲೆಗೆ ಕಟ್ಟುವಂತಿಲ್ಲ. ಕೊರತೆಯನ್ನು ಹುಟ್ಟಿಸಿ ಮಾರುವವರೂ ಇದ್ದಾರೆ. ಆಟಕ್ಕೆ ಮೂವತ್ತು ವರ್ಷವಾಯಿತೆಂದು ಕಂಪನಿ 2022ರಲ್ಲಿ ಹಳೆಯ ಕಾರ್ಡುಗಳನ್ನು ಬೇರೆ ಬೆನ್ನಿನೊಂದಿಗೆ ಅಚ್ಚು ಹಾಕಿತು. 15 ಕಾರ್ಡಿನ ನಾಲ್ಕು ಪೊಟ್ಟಣ, ಬೆಲೆ 999 ಡಾಲರ್. ಅಧಿಕೃತ ಪಂದ್ಯದಲ್ಲಿ ಆಡುವಂತಿಲ್ಲ. ತಾನೇ ಮಾಡಿದ ಪ್ರಾಕ್ಸಿಗೆ ಕಂಪನಿ ಸಾವಿರ ಡಾಲರ್ ಕೇಳಿತು ಎಂದು ಆಟಗಾರರು ಸಿಟ್ಟಾದರು. ಸಿಟ್ಟು ನ್ಯಾಯವಾದದ್ದು. ಆದರೆ ಕಂಪನಿಯ ಮೇಲಿನ ಸಿಟ್ಟನ್ನು ಪಕ್ಕದ ಮನೆಯ ಹುಡುಗನ ಮೇಲೆ ತೀರಿಸಿಕೊಳ್ಳಲು ಬರುವುದಿಲ್ಲ. ಕಳ್ಳ ಕಾರ್ಡು ಕೊನೆಗೆ ತಲುಪುವುದು ಕಂಪನಿಯ ಮಾಲೀಕನ ಕೈಗಲ್ಲ. ಗೊತ್ತಿಲ್ಲದ ಒಬ್ಬ ಮಗುವಿನ ಕೈಗೆ.

ಮಗು ಎಂದಾಗ ನಮ್ಮ ಕಡೆಯದೂ ನೆನಪಾಗುತ್ತದೆ. ನಮ್ಮ ಊರುಗಳ ಫ್ಯಾನ್ಸಿ ಸ್ಟೋರುಗಳಲ್ಲಿ ಚಿನ್ನದ ಬಣ್ಣದ ಪೋಕೆಮಾನ್ ಕಾರ್ಡುಗಳ ಕಟ್ಟು ನೇತಾಡುವುದನ್ನು ನೀವು ನೋಡಿರುತ್ತೀರಿ. ಥಳಥಳ ಹೊಳೆಯುವ ಪಿಕಾಚು. ಅವು ಅಸಲಿಯಲ್ಲವೆಂದು ಯಾರಾದರೂ ಹೇಳಬಲ್ಲರು. ಆರು ವರ್ಷದ ಮಗು ಅದನ್ನು ಹಠ ಮಾಡಿ ಕೊಂಡು, ಜಗಲಿಯ ಮೇಲೆ ಹರಡಿ ಆಡಿದರೆ ನಾನು ನೀತಿಶಾಸ್ತ್ರ ಬಿಚ್ಚಿ ಕೂರುವುದಿಲ್ಲ. ಮಗುವಿಗೆ ಅದು ಪಿಕಾಚು, ಅಷ್ಟೇ. ಕಂಪನಿಯ ಗುರುತನ್ನು ಕದ್ದು ಅಚ್ಚು ಹಾಕಿದವನು, ಗೊತ್ತಿದ್ದೂ ಮಾರಿದವನು ಉತ್ತರ ಕೊಡಬೇಕು. ಆದರೆ ಅದೇ ಮಗು ಹನ್ನೆರಡಕ್ಕೆ ಬಂದು, ಹೊಳೆಯುವ ಆ ಕಾರ್ಡನ್ನು ತೋರಿಸಿ ಗೆಳೆಯನ ನಿಜವಾದ ಕಾರ್ಡನ್ನು ಕೇಳುವ ದಿನ ಬಂದರೆ, ಆಗ ಮನೆಯ ಹಿರಿಯರು ಒಂದು ಮಾತು ಹೇಳಬೇಕು.

ಇನ್ನು ಸ್ವಂತ ಕಲ್ಪನೆಯ ಕಾರ್ಡುಗಳ ಮಾತು. ಆಟದ ಚೌಕಟ್ಟನ್ನಷ್ಟೇ ಇಟ್ಟುಕೊಂಡು ತಮ್ಮದೇ ಚಿತ್ರ, ತಮ್ಮದೇ ಶಕ್ತಿ ಬರೆದು ಮಾಡುವವರು ಬಹಳ. ಇದರಲ್ಲಿ ನಕಲಿಯ ಭಯ ಕಡಿಮೆ. ಲೋಕದಲ್ಲಿ ಇಲ್ಲದ ಕಾರ್ಡನ್ನು ಅಸಲಿಯೆಂದು ಮಾರಲು ಹೇಗೂ ಆಗದು. ಇಲ್ಲಿ ನ್ಯಾಯ ಕೇಳುವವನು ಬೇರೆ, ಚಿತ್ರ ಬರೆದವನು. ಅಸಲಿ ಮ್ಯಾಜಿಕ್ ಕಾರ್ಡಿನ ಕೆಳಗೆ ಸಣ್ಣಕ್ಷರದಲ್ಲಿ ಕಲಾವಿದನ ಹೆಸರಿರುತ್ತದೆ. ಹುಡುಗನ ಆ ನಕಲಿನ ಮೂಲಚಿತ್ರ ರಾಬ್ ಅಲೆಕ್ಸಾಂಡರ್ ಎಂಬುವರದು. ಕಂಪನಿ ತನ್ನ ಕಲಾವಿದರಿಗೆ ಹಿಂಬದಿ ಖಾಲಿ ಬಿಳಿಯಾಗಿರುವ ಕೆಲವು ಪ್ರತಿಗಳನ್ನು ಕೊಡುವುದುಂಟು. ಅವರು ಆ ಬಿಳಿ ಬೆನ್ನಿನ ಮೇಲೆ ಕೈಯಾರೆ ಚಿತ್ರ ಬರೆದು, ಸಹಿ ಹಾಕಿ ಅಭಿಮಾನಿಗಳಿಗೆ ಮಾರುತ್ತಾರೆ. ಆಟಕ್ಕೆ ಬಾರದ ಆ ಕಾರ್ಡಿಗೆ ಅಸಲಿಗಿಂತ ಹೆಚ್ಚು ಬೆಲೆ ಕೊಡುವವರಿದ್ದಾರೆ. ಎಲ್ಲಿಂದಲೋ ಒಬ್ಬರ ಚಿತ್ರ ಎತ್ತಿ, ಹೆಸರು ತೆಗೆದು, 'ನನ್ನ ಕಾರ್ಡು' ಎಂದು ಮಾರುವುದು ಬೇರೆ ಬಗೆಯ ನಕಲಿ. ಅಲ್ಲಿ ಕಾರ್ಡು ಸುಳ್ಳು ಹೇಳುವುದಿಲ್ಲ, ಮಾಡಿದವನು ಹೇಳುತ್ತಾನೆ.

ನಮ್ಮ ಮೈಸೂರಿನ ಗಂಜೀಫಾ ಎಲೆಗಳನ್ನೇ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಬೆಳೆದ ಆ ಕಲೆಯ ದಶಾವತಾರಗಳನ್ನು ಇಂದಿನ ಕಲಾವಿದರೂ ಬರೆಯುತ್ತಾರೆ. ಹಳೆಯ ಕಥೆ, ಹಳೆಯ ಚೌಕಟ್ಟು, ಕೈ ಹೊಸದು. ತನ್ನ ಹೆಸರು ಹಾಕಿ ಕೊಟ್ಟರೆ ಅದು ಪರಂಪರೆ. ಚಹದ ನೀರಿನಲ್ಲಿ ಅದ್ದಿ, ಹೊಗೆ ಹಾಯಿಸಿ, ಅರಮನೆಯ ಕಾಲದ್ದು ಎಂದು ಕೊಟ್ಟರೆ ಮೋಸ. ಎರಡರಲ್ಲೂ ಕುಂಚ ಒಂದೇ ಇರಬಹುದು.

ನಾವು ಹೊರಡುವ ಹಿಂದಿನ ವಾರ ಹುಡುಗ ಅಜ್ಜಿಗೆಂದು ಒಂದು ಕಾರ್ಡು ಮಾಡಿದ. ಚಿತ್ರ ಅವನೇ ಬರೆದದ್ದು: ಕೈಯಲ್ಲಿ ಸೌಟು, ಮೂಗಿನ ತುದಿಯಲ್ಲಿ ಕನ್ನಡಕ. ಶಕ್ತಿಯ ಜಾಗದಲ್ಲಿ, "ಈ ಕಾರ್ಡು ಮೇಜಿನ ಮೇಲಿರುವವರೆಗೆ ಯಾರೂ ಹಸಿದು ಏಳುವಂತಿಲ್ಲ" ಎಂಬ ಅರ್ಥದ ಸಾಲು. ಬೆನ್ನ ಮೇಲೆ ಏನು ಬರೆಯಲಿ ಎಂದು ಕೇಳಿದ. ನಮ್ಮ ಶಾಖೆಯ ಕ್ರಮವನ್ನೇ ಹೇಳಿಕೊಟ್ಟೆ. ಮಾಡಿದವರು ಎಂದು ತನ್ನ ಹೆಸರು, ಸಿದ್ಧವಾದ ದಿನ, ಕೊಟ್ಟ ದಿನ ಎಲ್ಲ ಬರೆದ. 'ತಾಳೆ ನೋಡಿದವರು' ಎಂಬ ಸಾಲು ಖಾಲಿ ಉಳಿದಿತ್ತು. ಅಮ್ಮ ಕಾರ್ಡನ್ನು ಮುಖದ ಹತ್ತಿರ ಹಿಡಿದು, ತಿರುಗಿಸಿ ಮುರುಗಿಸಿ ಬಹಳ ಹೊತ್ತು ನೋಡಿದಳು. ಮೂಗು ಇನ್ನಷ್ಟು ಚಿಕ್ಕದಿರಬೇಕಿತ್ತು ಎಂದು ಗೊಣಗಿ, ಆ ಸಾಲಿನ ಮುಂದೆ ನಡುಗುವ ಅಕ್ಷರಗಳಲ್ಲಿ ರುಜು ಹಾಕಿದಳು.